ಲಂಗಕ್ಕೆ ಮಡಿಕೆ ಬಿಟ್ಟಂತೆ ಮನೆಗೂ ಬಿಡಿ

ಏಳು ವರ್ಷದ ಹುಡುಗಿಗೆ ಲಂಗ ಹೊಲಿಯುವಾಗ ಕೆಳಗೆ ನಾಲ್ಕು ಬೆರಳಿನಷ್ಟು ಬಟ್ಟೆಯನ್ನು ಒಳಕ್ಕೆ ಮಡಿಸುತ್ತೇನೆ. ಹಬ್ಬದಿಂದ ಹಬ್ಬಕ್ಕೆ ಹುಡುಗಿ ಉದ್ದವಾಗುತ್ತಾಳೆ, ಅವರಮ್ಮ ಮಡಿಕೆ ಬಿಚ್ಚುತ್ತಾಳೆ. ರವಿಕೆಯ ಪಕ್ಕದಲ್ಲಿ ಒಂದಿಂಚು ಬಿಡದೆ ಕತ್ತರಿಸಿದರೆ ಗಿರಾಕಿ ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ದಾವಣಗೆರೆಯಲ್ಲಿ 31 ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನಾನು, 2006ರಲ್ಲಿ ನಮ್ಮದೇ ಮನೆ ಕಟ್ಟಿಸುವಾಗ ಮಾತ್ರ ಅಂದಿನ ಮೈಗೆ ಬಿಗಿಯಾಗಿ ಹೊಲಿಸಿಬಿಟ್ಟೆ.

30x40 ನಿವೇಶನ, ಎರಡು ಮಲಗುವ ಕೋಣೆ, ಪಡಸಾಲೆ, ಅಡುಗೆಮನೆ. ನಾವು ನಾಲ್ಕು ಜನಕ್ಕೆ ಸರಿಹೋಯಿತು. 2013ರಲ್ಲಿ ಅತ್ತೆಯವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಕರೆತಂದರೆ ಅದು ಬಚ್ಚಲುಮನೆಯ ಬಾಗಿಲಲ್ಲಿ ಹಿಡಿಯಲೇ ಇಲ್ಲ. ಒಂಬತ್ತು ದಿನ ಗೋಡೆ ಒಡೆಸಿದೆವು. ಹೊಲಿಯಲು ಬಂದಿದ್ದ ಮದುವೆ ರೇಷ್ಮೆಗಳ ಮೇಲೆಲ್ಲ ಸಿಮೆಂಟಿನ ಧೂಳು.

ಈಗ ನನ್ನ ತಂಗಿ ಮನೆ ಕಟ್ಟಿಸಿದ್ದಾಳೆ. ನಕ್ಷೆ ಬರೆಯುವ ಮೊದಲೇ ಎಂಜಿನಿಯರ್ ಎದುರು ನಾನೂ ಕುಳಿತೆ. ಅಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೋಣೆಗಳ ಪಟ್ಟಿ ಮಾಡಬೇಡಿ, ವಯಸ್ಸಿನ ಪಟ್ಟಿ ಮಾಡಿ. ತಂಗಿಗೆ 38, ಯಜಮಾನರಿಗೆ 43, ಮಗಳಿಗೆ 11, ಮಗನಿಗೆ 6, ಅವಳ ಅತ್ತೆಗೆ 69. ಇದರ ಪಕ್ಕದಲ್ಲಿ ಐದು, ಹತ್ತು, ಇಪ್ಪತ್ತು ವರ್ಷದ ಕಾಲಂಗಳನ್ನು ಎಳೆದು ಎಲ್ಲರ ವಯಸ್ಸು ತುಂಬಿಸಿದೆವು. ಐದು ವರ್ಷಕ್ಕೆ ಮಗಳಿಗೆ 16, ಆಗ ಅವಳಿಗೆ ಬೇರೆ ಕೋಣೆ ಬೇಕು. ಹತ್ತಕ್ಕೆ ಅತ್ತೆಗೆ 79, ಮೆಟ್ಟಿಲು ಆಗದ ಮಾತು. ಇಪ್ಪತ್ತಕ್ಕೆ ಮಗಳಿಗೆ 31, ಮಗನಿಗೆ 26. ಇಬ್ಬರೂ ಈ ಊರಲ್ಲಿರುತ್ತಾರೋ ಇಲ್ಲವೋ. ಆಗ ಮಹಡಿ ಬಾಡಿಗೆಗೆ ಹೋಗಬೇಕು, ಗಂಡ ಹೆಂಡತಿ ಕೆಳಗೆ ಇರಬೇಕು. ಒಂದು ಹಾಳೆಯಲ್ಲಿ ಇಷ್ಟು ಕಂಡ ಮೇಲೆ ‘ಮೂರು ಬೆಡ್‌ರೂಮ್ ಬೇಕು’ ಎಂಬ ಅವಳ ಹಟ ತಾನಾಗಿ ಸಡಿಲವಾಯಿತು. ಮೂರು ಬೇಕಿರುವುದು ಹೆಚ್ಚೆಂದರೆ ಹತ್ತು ಹನ್ನೆರಡು ವರ್ಷ.

ಆಮೇಲೆ ಬಿಚ್ಚಲಾಗದ್ದು ಯಾವುದು, ಬಿಚ್ಚಬಹುದಾದ್ದು ಯಾವುದು ಎಂದು ವಿಂಗಡಿಸಿ. ಪಾಯ, ಪಿಲ್ಲರ್, ಮೆಟ್ಟಿಲು, ನೀರು ಇಳಿದುಹೋಗುವ ದಾರಿ ಇವು ಬಿಚ್ಚಲಾಗದವು. ಇವುಗಳಿಗೆ ಹಣ ಮತ್ತು ತಲೆ ಎರಡನ್ನೂ ಈಗಲೇ ಖರ್ಚು ಮಾಡಬೇಕು. ಬಣ್ಣ, ಟೈಲ್ಸ್, ಕಪಾಟಿನ ವಿಷಯಕ್ಕೆ ಆಮೇಲೆ ಜಗಳವಾಡಬಹುದು.

ಪಾಯದ ಪಾಠವನ್ನು ನಾನು ದುಬಾರಿ ಬೆಲೆಗೆ ಕಲಿತೆ. ನಮ್ಮದು ಎರೆಮಣ್ಣಿನ ನೆಲ. ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಕಟ್ಟುವಾಗ ಒಂದೇ ಅಂತಸ್ತು ಸಾಕೆಂದೆವು, ಪಾಯವನ್ನೂ ಅಷ್ಟಕ್ಕೇ ಹಾಕಿದರು. ಹತ್ತು ವರ್ಷ ಕಳೆದು ಮಗನಿಗೆಂದು ಮೇಲೆ ಕಟ್ಟಲು ಹೋದರೆ, ಬಂದು ನೋಡಿದ ಎಂಜಿನಿಯರ್ ಆಗದೆಂದು ತಲೆಯಾಡಿಸಿಬಿಟ್ಟರು. ಕೊನೆಗೆ ಹಗುರವಾಗಿ ತಗಡಿನ ಶೀಟು ಹೊದಿಸಿ ಒಂದು ಕೋಣೆ ಮಾಡಿದೆವು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಅಲ್ಲಿ ಕುಳಿತು ಕಂಪ್ಯೂಟರ್ ಕೆಲಸ ಮಾಡಿದ ನನ್ನ ಮಗ ನನ್ನ ಬಗ್ಗೆ ಏನೆಂದುಕೊಂಡಿದ್ದಾನೋ! ಆದ್ದರಿಂದ ಮುಂದೆ ಎಷ್ಟು ಅಂತಸ್ತು ಎಂಬುದನ್ನು ಪಾಯ ತೋಡುವ ಮೊದಲೇ ಹೇಳಿ. ಮೇಲೆ ಉಳಿಸುವ ಪಿಲ್ಲರ್ ಕಂಬಿಗಳಿಗೆ ಸಿಮೆಂಟ್ ಹಾಲು ಬಳಿದು, ಸುತ್ತ ತೆಳು ಕಾಂಕ್ರೀಟ್ ಮುಚ್ಚಿಸಿ. ಬಯಲಲ್ಲಿ ಬಿಟ್ಟ ಕಂಬಿಯನ್ನು ಐದಾರು ಮಳೆಗಾಲದಲ್ಲಿ ತುಕ್ಕು ತಿನ್ನುತ್ತದೆ.

ಗೋಡೆಯ ವಿಷಯದಲ್ಲಿ ಎಂಜಿನಿಯರನ್ನು ಒಂದು ಪ್ರಶ್ನೆ ಕೇಳಲೇಬೇಕು: ಭಾರ ಹೊತ್ತಿರುವುದು ಗೋಡೆಯೋ, ಪಿಲ್ಲರೋ? ಪಿಲ್ಲರ್ ಮತ್ತು ಬೀಮಿನ ಮೇಲೆ ನಿಂತ ಮನೆಯಲ್ಲಿ ನಡುವಿನ ಗೋಡೆ ಬರೀ ಪರದೆಯಿದ್ದಂತೆ, ತೆಗೆಯಬಹುದು. ಗೋಡೆಯೇ ಮೋಲ್ಡನ್ನು, ಅಂದರೆ ಕಾಂಕ್ರೀಟ್ ಚಾವಣಿಯನ್ನು, ಹೊತ್ತಿರುವ ಮನೆಯಲ್ಲಿ ಹಾಗೆ ಮುಟ್ಟುವಂತಿಲ್ಲ. ತಂಗಿಯದು ಪಿಲ್ಲರ್ ಮನೆ. ಆದರೂ ನಕ್ಷೆಯ ಒಂದು ಪ್ರತಿಯಲ್ಲಿ ಒಡೆಯಬಾರದ ಭಾಗಗಳಿಗೆಲ್ಲ ಕೆಂಪು ಬಣ್ಣ ಬಳಿಸಿಕೊಂಡೆವು. ನಾಳೆ ಬರುವ ಗೌಂಡಿಗೆ ಬಾಯಿಮಾತಿಗಿಂತ ಬಣ್ಣ ಬೇಗ ತಿಳಿಯುತ್ತದೆ.

ಮಕ್ಕಳಿಗೆ ಮಹಡಿಯಲ್ಲಿ ಎರಡು ಪುಟ್ಟ ಕೋಣೆಗಳ ಬದಲು 11 ಅಡಿ ಅಗಲ, 20 ಅಡಿ ಉದ್ದದ ಒಂದೇ ದೊಡ್ಡ ಕೋಣೆ ಮಾಡಿಸಿದೆವು. ಮುಂದೆ ನಡುವೆ ನಾಲ್ಕೂವರೆ ಇಂಚಿನ ಗೋಡೆ ಎದ್ದರೆ ಎರಡು ಕೋಣೆ. ಅದು ಸುಲಭವಾಗಬೇಕಾದರೆ ಈಗಲೇ ಎರಡು ಕಿಟಕಿ, ಎರಡು ಫ್ಯಾನ್ ಕೊಕ್ಕೆ, ಎರಡು ಸ್ವಿಚ್ ಬೋರ್ಡ್ ಇರಬೇಕು. ಗೋಡೆ ಬರುವ ಜಾಗದ ಕೆಳಗೆ ಬೀಮ್ ಇರಬೇಕು. ಎರಡನೆಯ ಬಾಗಿಲಿನ ಜಾಗಕ್ಕೂ ಲಿಂಟಲ್ (ಬಾಗಿಲ ಮೇಲಿನ ಗೋಡೆಯನ್ನು ಹೊರುವ ಕಾಂಕ್ರೀಟ್ ಪಟ್ಟಿ) ಹಾಕಿಸಿ, ಅದರ ಕೆಳಗೆ ಕಡಿಮೆ ಸಿಮೆಂಟಿನ ಸಡಿಲ ಗಾರೆಯಲ್ಲಿ ಇಟ್ಟಿಗೆ ಕಟ್ಟಿಸಿದೆವು. ಇಷ್ಟು ಕಳಪೆ ಕೆಲಸ ಮಾಡೆಂದು ಹೇಳುವವರನ್ನು ನೋಡಿಯೇ ಇಲ್ಲ ಎಂದು ಗೌಂಡಿ ನಕ್ಕ. ನಾವು ಅಂಗಡಿಯಲ್ಲಿ ಪಕ್ಕಾ ಹೊಲಿಗೆಗೆ ಮುಂಚೆ ಕಚ್ಚಾ ಹೊಲಿಗೆ ಹಾಕುವುದಿಲ್ಲವೇ, ಇದೂ ಹಾಗೆಯೇ. ಗೋಡೆಯ ದಪ್ಪದಲ್ಲಿ ಅರ್ಧ ಮಾತ್ರ ಕಟ್ಟಿದ್ದರಿಂದ ಅಲ್ಲೊಂದು ಗೂಡು ಉಳಿದಿದೆ. ಸದ್ಯ ಅದರಲ್ಲಿ ಮಗನ ಕ್ರಿಕೆಟ್ ಬ್ಯಾಟು.

ತಂಗಿ ಮಡಿಸುವ ಬಾಗಿಲಿನ ಗೋಡೆ ಹಾಕಿಸುತ್ತೇನೆಂದು ಕುಣಿದಳು. ನಾನು ಬೇಡವೆಂದೆ. ಮಗಳು ಓದುತ್ತಿರುವಾಗ ತಮ್ಮನ ಮೊಬೈಲಿನ ಸದ್ದು ಅದರಾಚೆಯಿಂದ ಹಾಗೆಯೇ ಬರುತ್ತದೆ. ಒಡೆಯಲಿರುವ ಗೋಡೆಗೆ ಕಡಪಾ ಕಲ್ಲಿನ ಶೆಲ್ಫ್ ಕೂರಿಸುವುದೂ ದಂಡ.

ಇನ್ನು ಬಚ್ಚಲುಮನೆ. ನನ್ನ ಕೇಳಿದರೆ ಇಡೀ ನಕ್ಷೆಯಲ್ಲಿ ಹೆಚ್ಚು ಹೊತ್ತು ಕುಳಿತು ನೋಡಬೇಕಾದ್ದು ಇದನ್ನೇ. ಕೆಳಗಿನ ಅಂತಸ್ತಿನಲ್ಲಿ ಒಂದು ಮಲಗುವ ಕೋಣೆ, ಅದಕ್ಕೆ ಹೊಂದಿಕೊಂಡ ಶೌಚಾಲಯ ಇರಲೇಬೇಕು. ಇಂದು ಅದು ಅತ್ತೆಗೆ, ನಾಳೆ ನಿಮಗೆ. ಸಾಧಾರಣ ಗಾಲಿಕುರ್ಚಿಯ ಅಗಲ ಸುಮಾರು 26 ಇಂಚು, ಅದರ ಮೇಲೆ ತಳ್ಳಿಕೊಳ್ಳುವ ಕೈಗಳಿಗೂ ಜಾಗ ಬೇಕು. ಎರಡೂವರೆ ಅಡಿ ಬಾಗಿಲು ಎಂದು ಅಂಗಡಿಯವರು ಕೊಡುವುದರಲ್ಲಿ ಚೌಕಟ್ಟಿನ ಮರದ ದಪ್ಪ ಕಳೆದರೆ ಉಳಿಯುವುದು ಎರಡು ಅಡಿ ಚಿಲ್ಲರೆ. ಚೌಕಟ್ಟಿನ ಹೊರ ಅಳತೆಯನ್ನು ನಂಬಬೇಡಿ. ಟೇಪು ಹಿಡಿದು ದಾಟುವ ಜಾಗವನ್ನೇ ಅಳೆಯಿರಿ, ಕನಿಷ್ಠ 32 ಇಂಚು ಸಿಗಬೇಕು. ಬಾಗಿಲು ಹೊರಕ್ಕೆ ತೆರೆಯಲಿ. ನಮ್ಮತ್ತೆ ಬಿದ್ದಾಗ ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಕಾಲೇ ಅಡ್ಡವಾಗಿತ್ತು, ಕಿಟಕಿಯ ಗಾಜು ತೆಗೆದು ಪಕ್ಕದ ಮನೆಯ ಹುಡುಗ ಒಳಗಿಳಿಯಬೇಕಾಯಿತು.

ಹೊಸಿಲು ಬೇಡ. ನೀರು ಹೊರಗೆ ಬಾರದಂತೆ ನೆಲವನ್ನು ಅರ್ಧ ಇಂಚು ತಗ್ಗಿಸಿ, ಜಾಲರಿಯ ಕಡೆಗೆ ಇಳಿಜಾರು ಕೊಟ್ಟರೆ ಸಾಕು. ಕುರ್ಚಿ ತಿರುಗಲು ಐದು ಅಡಿ ಸುತ್ತಳತೆಯಲ್ಲ, ಐದು ಅಡಿ ಅಡ್ಡಗಲದ ವೃತ್ತ ಬೇಕು (ಈ ವ್ಯತ್ಯಾಸಕ್ಕೆ ತಂಗಿಯ ಯಜಮಾನರೂ ನಾನೂ ಅರ್ಧ ಗಂಟೆ ವಾದಿಸಿದ್ದೇವೆ). ಹಿಡಿದುಕೊಂಡು ಏಳಲು ಗೋಡೆಗೆ ಹಾಕುವ ಹಿಡಿಕೆಯನ್ನು ಈಗ ಹಾಕದಿದ್ದರೂ ನಡೆದೀತು, ಆದರೆ ಅದನ್ನು ಹೊರುವ ಗೋಡೆ ಈಗಲೇ ಬೇಕು. ಹಾಲೋ ಬ್ಲಾಕ್ ಗೋಡೆಗೆ ಸ್ಕ್ರೂ ಸರಿಯಾಗಿ ಕಚ್ಚುವುದಿಲ್ಲ, ಮೈಭಾರ ಬಿದ್ದರೆ ಕಿತ್ತು ಬರುತ್ತದೆ. ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ನೆಲದಿಂದ ಎರಡು ಅಡಿಯಿಂದ ಮೂರೂವರೆ ಅಡಿಯವರೆಗೆ ಬ್ಲಾಕಿನ ತೂತುಗಳಿಗೆ ಕಾಂಕ್ರೀಟ್ ತುಂಬಿಸಿ. ಒಂದೆರಡು ಬಾಂಡಲಿ ಮಾಲು, ಅಷ್ಟೇ. ಮೇಲಿನ ಬಚ್ಚಲುಮನೆ ಕೆಳಗಿನದರ ನೆತ್ತಿಯ ಮೇಲೇ ಬರಲಿ. ಮಹಡಿಯ ಅಡುಗೆಮನೆಗೂ ಈಗಲೇ ಪೈಪು ಏರಿಸಿ, ಬಾಯಿ ಮುಚ್ಚಿಡಿ.

ವಾಸ್ತು ಹೇಳಿದವರು ನೈಋತ್ಯದ ಕೋಣೆ ಮನೆಯ ಹಿರಿಯರಿಗೆ ಎಂದರು. ಒಳ್ಳೆಯದೇ ಆಯಿತು, ಶೌಚಾಲಯವಿರುವ ಕೋಣೆ ಅಲ್ಲಿಗೇ ಹೊಂದಿತು. ಹೊಂದದಿದ್ದರೆ ಏನು ಮಾಡುತ್ತಿದ್ದೆವೋ, ಆ ಜಗಳ ಬರಲಿಲ್ಲ.

ಮೆಟ್ಟಿಲನ್ನು ಮನೆಯೊಳಗಿಡುವುದೋ ಹೊರಗಿಡುವುದೋ ಎಂದು ಎಲ್ಲರೂ ಕೇಳುತ್ತಾರೆ. ತಂಗಿಯ ಮನೆಯಲ್ಲಿ ಮುಂಬಾಗಿಲು ದಾಟಿದ ಕೂಡಲೇ ಒಂದು ಪುಟ್ಟ ಅಂಕಣ, ಅಲ್ಲಿಂದ ಎಡಕ್ಕೆ ಮೆಟ್ಟಿಲು, ನೇರಕ್ಕೆ ಪಡಸಾಲೆ. ಈಗ ಪಡಸಾಲೆಗೆ ಬಾಗಿಲಿಲ್ಲ, ಚೌಕಟ್ಟು ಮಾತ್ರ ಇದೆ. ಬಾಡಿಗೆಗೆ ಕೊಡುವ ದಿನ ಅದಕ್ಕೆ ಬಾಗಿಲು ಕೂರಿಸಿದರೆ ಎರಡು ಮನೆ. ಎರಡನೆಯ ವಿದ್ಯುತ್ ಮೀಟರಿಗೂ ಖಾಲಿ ಪೈಪು ಎಳೆಸಿದ್ದಾಳೆ. ಕೆಳಗಿನ ಸಾಮಾನು ಕೋಣೆಯ ನೆತ್ತಿಗೆ ಸರಿಯಾಗಿ ಮಹಡಿಯಲ್ಲೂ ಐದಡಿ ಚೌಕದ ಸಾಮಾನು ಕೋಣೆಯಿದೆ. ನಡುವಿನ ಮೋಲ್ಡಿನ ಸುತ್ತ ಬೀಮ್ ಕಟ್ಟಿರುವುದರಿಂದ, ಬೇಕಾದರೆ ಆ ತುಂಡನ್ನು ಕತ್ತರಿಸಿ ಲಿಫ್ಟ್ ಇಳಿಸಬಹುದಂತೆ. ಅಷ್ಟು ದುಡ್ಡು ಬರುತ್ತದೋ ಇಲ್ಲವೋ, ಅಲ್ಲಿಯವರೆಗೆ ಅಕ್ಕಿ ಚೀಲ ಇಡಲು ಜಾಗವಾಯಿತು.

ಇಳಿಜಾರು ದಾರಿಯ ಲೆಕ್ಕವನ್ನೂ ಹಾಕಿಡಿ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಮನೆಯ ನೆಲ ರಸ್ತೆಗಿಂತ ಎರಡು ಅಡಿ ಎತ್ತರವಿದ್ದರೆ 24 ಅಡಿ. ಗೇಟಿನ ಎದುರು ಅಷ್ಟು ಜಾಗ ಎಲ್ಲಿಂದ ಬರಬೇಕು? ಮನೆಯ ಪಕ್ಕದಲ್ಲಿ ಬಿಡುವ ಓಣಿಯಲ್ಲಿ ಸಿಗುತ್ತದೆ. ಅದನ್ನು ಈಗಲೇ ಕಟ್ಟಬೇಕಿಲ್ಲ, ಆದರೆ ಸಂಪಿನ ಮುಚ್ಚಳ, ಚರಂಡಿಯ ಚೇಂಬರು, ಗ್ಯಾಸ್ ಸಿಲಿಂಡರ್ ಯಾವುದೂ ಆ ಓಣಿಯಲ್ಲಿ ಕೂರದಂತೆ ನೋಡಿಕೊಳ್ಳಿ. ಓಣಿಯ ಕೊನೆಗೆ ಪಕ್ಕದ ಬಾಗಿಲೊಂದು ಇರಲಿ.

ಪ್ಲಾಸ್ಟರಿಂಗ್ ಆಗುವ ಹಿಂದಿನ ದಿನ ಅಂಗಡಿ ಮುಚ್ಚಿ ಹೋಗಿದ್ದೆ. ಪ್ರತಿ ಗೋಡೆಗೂ ನನ್ನ ಅಳತೆ ಟೇಪನ್ನು ಹಿಡಿದು, ಒಳಗಿನ ತಂತಿ ಪೈಪು, ನೀರಿನ ಪೈಪು, ಮುಚ್ಚಿಹೋಗುವ ಲಿಂಟಲ್ ಎಲ್ಲವೂ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದೆ. ಅವನ್ನು ಎರಡು ಪ್ರತಿ ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ಕೋಣೆಯ ಹೆಸರು, ದಿಕ್ಕು ಬರೆದೆ. ಒಂದು ನನ್ನ ಅಂಗಡಿಯಲ್ಲಿ ಅಳತೆ ಪುಸ್ತಕದೊಳಗೆ ಇದೆ. ತನ್ನ ಪ್ರತಿ ಎಲ್ಲಿಟ್ಟೆನೆಂದು ತಂಗಿ ಈಗಾಗಲೇ ಎರಡು ಸಲ ನನಗೇ ಫೋನ್ ಮಾಡಿ ಕೇಳಿದ್ದಾಳೆ.