ಸೋಗೆ, ಹಾಳೆ, ದರಗು: ನಾವು ಗೋದಲಿ ಕಟ್ಟುವ ಬಗೆ

ಕ್ರಿಸ್ಮಸ್‌ಗೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾಗಿ ಕಟ್ಟುವುದೇ ಗೋದಲಿ. ಮಲೆನಾಡಿನ ಚರ್ಚಿನ ಗೋದಲಿಗೆ ಹತ್ತಿಯ ಹಿಮ ಬೇಡ. ಡಿಸೆಂಬರಿನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಕೊಯ್ದ ಗದ್ದೆಯ ಕೂಳೆ, ಹುಲ್ಲಿನ ಗೊಣಬೆ, ಅಡಿಕೆ ಬೇಯಿಸುವ ಒಲೆಯ ಹೊಗೆ. ಮಗುವನ್ನು ಗೋದಲಿಯಲ್ಲಿ ಮಲಗಿಸಿದರು ಎನ್ನುತ್ತದೆ ಬೈಬಲಿನ ಲೂಕನ ಶುಭಸಂದೇಶ. ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ತೊಟ್ಟಿ ಎಂದು ದನ ಕಟ್ಟಿದ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆತ್ಲೆಹೇಮಿನಲ್ಲಿ ಜನ್ಮಸ್ಥಳವೆಂದು ಪರಂಪರೆ ತೋರಿಸುವುದು ಒಂದು ಗುಹೆಯನ್ನು. ಆದರೂ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಸಂತ ಫ್ರಾನ್ಸಿಸರು ಹುಲ್ಲು ತರಿಸಿ, ಜೀವಂತ ಎತ್ತು, ಕತ್ತೆಗಳನ್ನೇ ನಿಲ್ಲಿಸಿದ್ದರು. ಕೈಗೆ ಸಿಗುವ ಸಾಮಾನಿನಲ್ಲೇ ಕಟ್ಟುವ ಈ ರೂಢಿಗೆ ಅದೇ ಬುನಾದಿ.

ಅಳತೆ ಶುರುವಾಗಬೇಕಾದ್ದು ಮೂರ್ತಿಗಳಿಂದ. ಯೇಸುವಿನ ಸಾಕುತಂದೆ ಜೋಸೆಫರ ಮೂರ್ತಿ 12 ಅಂಗುಲವಿದ್ದರೆ ಕೊಟ್ಟಿಗೆಯ ಬಾಗಿಲು 16 ಅಂಗುಲ, ಒಳ ಅಗಲ ಎರಡೂವರೆ ಅಡಿ ಇರಲಿ. ಕೊಟ್ಟಿಗೆ ಕಟ್ಟಿ ಮುಗಿಸಿ ಆಮೇಲೆ ಮೂರ್ತಿ ತಂದರೆ ಕುರಿ ಹಸುವಿಗಿಂತ ದೊಡ್ಡದಾಗಿ ಕಾಣುವುದು ಗ್ಯಾರಂಟಿ. ಕಟ್ಟೆಯ ಎತ್ತರ ಒಂದೂವರೆ ಅಡಿ ದಾಟಬಾರದು. ಐದು ವರ್ಷದ ಮಗು ಬಗ್ಗಿ ನೋಡುವಂತಿರಬೇಕು.

ಕಂಬಕ್ಕೆ ಬಿದಿರು, ಅಡ್ಡಪಟ್ಟಿಗೆ ಅಡಿಕೆ ಮರ ಸೀಳಿದ ದಬ್ಬೆ, ಕಟ್ಟಲು ಬಾಳೆನಾರು. ಮಾಡಿಗೆ ಒಣಗಿದ ಸೋಗೆ, ಅಂದರೆ ಅಡಿಕೆಯ ಗರಿ. ಹೊದಿಸುವಾಗ ಮೊದಲ ಸಾಲು ಕೆಳಗಿನ ಅಂಚಿಗೆ, ಮುಂದಿನ ಸಾಲು ಅದರ ಅರ್ಧದಷ್ಟನ್ನು ಮುಚ್ಚುವಂತೆ. ಮೇಲಿನಿಂದ ಶುರುಮಾಡಿದರೆ ಕಟ್ಟು ಎದ್ದು ಕಾಣುತ್ತದೆ, ಹಳೆಯ ಸೋಗೆಮನೆ ಕಂಡ ಹಿರಿಯರು ಮರುಕ್ಷಣವೇ ತಪ್ಪು ಹಿಡಿಯುತ್ತಾರೆ. ಗೋಡೆಗೆ ಹಾಳೆ, ಅಂದರೆ ಅಡಿಕೆ ಗರಿಯ ಬುಡದ ಅಗಲ ಪಟ್ಟೆ. ಒಣಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸದೆ ಬಗ್ಗಿಸಿದರೆ ಸೀಳುತ್ತದೆ. ಹಸಿಹಾಳೆಯನ್ನೇ ಬಳಸಿದರೆ ವಾರದೊಳಗೆ ಬೂಷ್ಟು. ನೆನೆಸಿ, ಬಗ್ಗಿಸಿ, ಕಲ್ಲು ಹೇರಿ, ಎರಡು ಬಿಸಿಲು ಕಾಣಿಸಿದ ಮೇಲೆಯೇ ಕಟ್ಟಬೇಕು.

ಹಿಂದಿನ ಗುಡ್ಡಕ್ಕೆ ಬಿದಿರಿನ ತಟ್ಟಿಯ ಮೇಲೆ ಗೋಣಿ. ಮೂರು ಪಾಲು ಜೇಡಿಮಣ್ಣು, ಒಂದು ಪಾಲು ಸಗಣಿ, ದೋಸೆಹಿಟ್ಟಿನ ಹದಕ್ಕೆ ನೀರು. ಗೋಣಿಯನ್ನು ಅದರಲ್ಲಿ ಅದ್ದಿ ಹೊದಿಸಿ, ಮಡಿಕೆಗಳನ್ನು ಹಾಗೇ ಬಿಡಬೇಕು. ಒಣಗಿದಾಗ ಅವೇ ಕಣಿವೆಗಳಾಗುತ್ತವೆ. ಗಟ್ಟಿಯಾದರೆ ಬಿರುಕು, ತೆಳ್ಳಗಾದರೆ ಗೋಣಿಯ ನೇಯ್ಗೆ ಕಾಣುತ್ತದೆ. ಚಳಿಗೆ ಒಣಗಲು ನಾಲ್ಕು ದಿನ ಬೇಕು, ಆದ್ದರಿಂದ 15ನೇ ತಾರೀಖಿನೊಳಗೆ ಈ ಕೆಲಸ ಮುಗಿದಿರಲಿ. ಮಣ್ಣು ಕೆರೆಯ ಹೂಳಿನಿಂದ ಬರಲಿ. ಹುತ್ತದ ಮಣ್ಣು ನುಣುಪಾಗಿರುವುದೇನೋ ನಿಜ, ಆದರೆ ನೆರೆಮನೆಯವರು ಹಾಲೆರೆಯುವ ಹುತ್ತವನ್ನು ನಮ್ಮ ಹಬ್ಬಕ್ಕಾಗಿ ಅಗೆಯುವುದು ಸಲ್ಲದು. ಮರದ ಪಾಚಿಯನ್ನೂ ಹೆರೆಯುವುದಿಲ್ಲ, ನೆಲಕ್ಕೆ ದರಗು (ಉದುರಿದ ಒಣ ಎಲೆ) ಹರಡಿದರೆ ಸಾಕು.

ಹಸಿರಿಗೆ ರಾಗಿ. ಎರಡಡಿಗೆ ಮೂರಡಿ ಜಾಗಕ್ಕೆ 100 ಗ್ರಾಂ. ಒಂದು ರಾತ್ರಿ ನೆನೆಸಿ, 13ರಂದು ಒದ್ದೆ ಗೋಣಿಯ ಮೇಲೆ ಉದುರಿಸಿ, ಎರಡು ದಿನ ಮುಚ್ಚಿಟ್ಟು, ಮೊಳಕೆ ಕಂಡ ಕೂಡಲೇ ಬೆಳಕಿಗೆ ತರಬೇಕು. ತಡಮಾಡಿದರೆ ಪೈರು ಹಳದಿಯಾಗಿ ಉದ್ದವಾಗಿ ಒರಗುತ್ತದೆ. ನೀರು ಕೈಯಲ್ಲಿ ಚಿಮುಕಿಸುವುದು, ದಿನಕ್ಕೆ ಎರಡೇ ಸಲ. ಚೆಂಬಿನಲ್ಲಿ ಸುರಿದರೆ ಕೊಳೆತು ನಾತ ಹೊಡೆಯುತ್ತದೆ. ಇಲಿಗೂ ರಾಗಿ ಇಷ್ಟ, ಹಾಗಾಗಿ 24ರ ಬೆಳಿಗ್ಗೆವರೆಗೆ ಬೋನಿನಡಿಯಲ್ಲಿಡಿ.

ಕುರಿ ಕಾಯುವವರ ಮೂರ್ತಿಗಳಿಗೆ ಬಣ್ಣದ ಸ್ಯಾಟಿನ್ ಬಟ್ಟೆ ಬೇಡ. ತಲೆಯ ಮೇಲಿಂದ ಹೊದೆಯುವ ಕಂಬಳಿ ಕೊಪ್ಪೆ ಹಾಕಿ. ಒಳಗಿನ ಹತ್ತಿಬಟ್ಟೆಯನ್ನು ನೀರು ಬೆರೆಸಿದ ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ರಸದಲ್ಲಿ) ಅದ್ದಿ. ಚಿಟಿಕೆ ಸುಣ್ಣ ಸೇರಿಸಿದರೆ ಕೆಂಪು ಏರುತ್ತದೆ. ಎತ್ತು, ಕತ್ತೆ ಲೂಕನಲ್ಲಿಲ್ಲ, ಬೈಬಲಿನ ಯೆಶಾಯ ಗ್ರಂಥದ 1:3ರಿಂದ ಬಂದವು. ತನ್ನ ಒಡೆಯನನ್ನು ಬಲ್ಲ ದನದ ಮಾತು ಅಲ್ಲಿರುವುದರಿಂದ ಅವುಗಳ ಮುಖ ಜನರ ಕಡೆಗಲ್ಲ, ಗೋದಲಿಯ ಕಡೆಗಿರಲಿ. ಜೇಡಿಯಲ್ಲಿ ಹಸು ಮಾಡುವುದಾದರೆ ಮಲೆನಾಡು ಗಿಡ್ಡ ತಳಿಯ ಗಿಡ್ಡ ಕಾಲುಗಳನ್ನೇ ಕೊಡಿ.

ಮಿಣುಕುವ ಸರದ ದೀಪ ಕಣ್ಣನ್ನು ಮಗುವಿನಿಂದ ಆಚೆ ಸೆಳೆಯುತ್ತದೆ. 5 ವ್ಯಾಟಿನ ಒಂದೇ ಹಳದಿ ಎಲ್‌ಇಡಿ, ಹಾಳೆಯ ಮರೆಯಲ್ಲಿ. ಮೇಣದಬತ್ತಿ ಖಂಡಿತ ಬೇಡ. ತಂತಿಯ ಜೋಡಣೆ ಹುಲ್ಲಿನಡಿ ಬರಬಾರದು. ಪಕ್ಕದಲ್ಲಿ ಒಂದು ಬಕೆಟ್ ಮರಳು.

ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ವಾರವೂ ಗೋದಲಿಯಲ್ಲಿ ಮಗು ಇರುವುದಿಲ್ಲ. ಮಕ್ಕಳು ಮಾಡಿದ ಒಂದೊಂದು ಒಳ್ಳೆಯ ಕೆಲಸಕ್ಕೆ ಒಂದೊಂದು ಹುಲ್ಲೆಳೆ ತಂದಿಡುತ್ತಾರೆ. ಎಣಿಸಬೇಡಿ, ಹೆಸರು ಬರೆಯಬೇಡಿ; ಪೈಪೋಟಿ ಹುಟ್ಟಿದರೆ ಮಕ್ಕಳು ಹಿಡಿಗಟ್ಟಲೆ ತಂದು ಸುರಿಯುತ್ತಾರೆ. ಬಾಲಯೇಸುವನ್ನು ಇಡುವುದು 24ರ ನಡುರಾತ್ರಿ ಚರ್ಚಿನಲ್ಲಿ ನಡೆಯುವ ಆರಾಧನೆಯಾದ ಬಲಿಪೂಜೆಯಲ್ಲಿ, ಆ ಹುಲ್ಲಿನ ಮೇಲೆ. ಯೇಸುವನ್ನು ಕಾಣಲು ದೂರದಿಂದ ಬಂದ ಮೂವರು ಜ್ಞಾನಿಗಳನ್ನು ಅಂದೇ ಪಕ್ಕದಲ್ಲಿ ನಿಲ್ಲಿಸದೆ ಗುಡ್ಡದ ತುದಿಯಲ್ಲಿಟ್ಟು, ದಿನಕ್ಕೊಂದು ಗೇಣು ಸರಿಸುತ್ತಾ ಜನವರಿ 6ಕ್ಕೆ ಕೊಟ್ಟಿಗೆ ಮುಟ್ಟಿಸಬೇಕು.

ಯೇಸು ದೀಕ್ಷಾಸ್ನಾನ ಪಡೆದುದನ್ನು ನೆನೆಯುವ, ಜನವರಿಯಲ್ಲಿ ಬರುವ ಪ್ರಭುವಿನ ಸ್ನಾನದೀಕ್ಷೆಯ ಹಬ್ಬ ಮುಗಿದ ಮೇಲೆ ಬಿಚ್ಚುವಾಗ ರಾಗಿಪೈರು ದನಕ್ಕೆ, ಸೋಗೆ ಗೊಬ್ಬರದ ಗುಂಡಿಗೆ. ಬಿದಿರನ್ನು ಅಟ್ಟದ ಮೇಲೆ ಹೊಗೆ ತಾಗುವಲ್ಲಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತದೆ.