ಕೊನಿಗೊಂದು ಗುಟುಕು

ನಾನು ಪ್ರೀತಿಸಿದ ಹುಡುಗಿಯನ್ನು ಮಾನ್ವಿ ಕಡೆ ಕೊಟ್ಟರು. ನಮ್ಮೂರು ಕಾರಟಗಿ ಹತ್ತಿರ. ಎರಡೂ ಊರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರೇ. ನಾವು ಮೇಲೆ, ಅವರು 104ನೇ ಮೈಲಿನಾಚೆ, ಕೊನೆ ಭಾಗದಲ್ಲಿ. ನಾವಿಲ್ಲಿ ನೆಲ್ಲು ಹಚ್ಚಿ ಮುಗಿಸಿದ ಮೇಲೂ ಅಲ್ಲಿ ನೀರಿನ ದಾರಿ ಕಾಯುತ್ತಿರುತ್ತಾರೆ.

ಆ ವರ್ಷ ಒಂದು ನೋಟ್‌ಬುಕ್ ತುಂಬ ಕವಿತೆ ಬರೆದೆ. ಚಂದ್ರ, ಗುಲಾಬಿ, ವಿರಹ. ಒಂದರಲ್ಲೂ ಅವಳಿರಲಿಲ್ಲ.

ದಾರಿ ತೋರಿಸಿದ್ದು ಅವ್ವನ ಪದಗಳು. ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿದೆ, ಆದರೆ ಅಕ್ಕಿ ಹಸನು ಮಾಡುವಾಗ ಅವ್ವ ಈಗಲೂ ತ್ರಿಪದಿ ಹಾಡುತ್ತಾಳೆ. ಒಂದು ದಿನ ಸುಮ್ನೆ ಕೂತು ಕೇಳಿದೆ. ಎರಡನೇ ಸಾಲನ್ನು ಹೇಳಿದವಳು ಅದನ್ನೇ ಮತ್ತೊಮ್ಮೆ ಹಾಡಿದಳು. ಮೊರ ಆಡುತ್ತಿತ್ತು. ಮೂರನೇ ಸಾಲಿಗೆ ಬಂದಾಗ ಕೈ ನಿಂತಿತು. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಗಣ, ಅಂದರೆ ಲಯದ ತುಂಡು, ಮೂರನೆಯದಕ್ಕೆ ಮೂರೇ. ಆ ಗಿಡ್ಡ ಸಾಲಿನಲ್ಲಿ ವಿವರಿಸೋಕೆ ಜಾಗವೇ ಇಲ್ಲ. ನೋವು ಅಲ್ಲೇ ಕೂರಬೇಕು ಅಂತ ನನಗೆ ಆಗ ಹೊಳೆಯಿತು.

ನೋಟ್‌ಬುಕ್ ಮುಚ್ಚಿಟ್ಟು ಕಾಲುವೆ ಏರಿ ಮೇಲೆ ನಡೆದೆ. ಈ ನೀರು ಅವಳ ಊರಿಗೆ ಹೋಗುತ್ತಾ? ಇದೊಂದೇ ಪ್ರಶ್ನೆ ಹಿಡಿದು ಬರೆದೆ. ಮೊದಲೆರಡು ಸಾಲು ಬೇಗ ಬಂದವು. ಮೂರನೆಯದು ‘ಒಡೆದ ಹೃದಯ ಒಣಗೈತಿ’ ಅಂತಿತ್ತು. ನೆಲ್ಲು ಹಚ್ಚಲು ಬಂದ ಹೆಣ್ಣುಮಕ್ಕಳಿಗೆ ಬದುವಿನ ಮೇಲೆ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಓದಿದೆ. ಒಬ್ಬ ಹಿರಿಯಾಕೆ ರೊಟ್ಟಿ ಮುರಿಯುತ್ತಾ, "ಹೃದಯ ಯಾಕೋ ತಮ್ಮಾ? ಕೊನಿಗೆ ನೀರು ಮುಟ್ಟಲಿಲ್ಲ ಅನ್ನು, ಸಾಕು" ಅಂದಳು. ಅಲ್ಲೇ ಕೂತು ತಿದ್ದಿದೆ:

ನಮ್ಮೂರ ಕಾಲುವೆ ನೀರೆಲ್ಲ ನಿನಗೆಂದೆ
ನಡುವೀನ ಹೊಲವೆಲ್ಲ ಕುಡಿದಾವ ನನಗೆಳತಿ
ಕೊನಿಗೊಂದು ಗುಟುಕು ಉಳಿದಿಲ್ಲ

ಆಕೆ ಎರಡನೇ ಸಾಲನ್ನು ತಾನಾಗೇ ಎತ್ತಿ ಮತ್ತೆ ಹಾಡಿದಳು. ಪಕ್ಕದಾಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಗದ್ದೆಗೆ ಇಳಿದಳು, ಏನೂ ಅನ್ನಲಿಲ್ಲ. ಆಕೆಯದೂ ಒಂದು ಕಥೆ ಇರಬೇಕು. ನಾನು ಕೇಳಲಿಲ್ಲ.

ನಡುವಿನ ಹೊಲ ಯಾರು ಅಂತ ಗೆಳೆಯರು ಕೇಳುತ್ತಾರೆ. ಜಾತಿ, ಅವರಪ್ಪ, ನನ್ನ ಕಾಕಾ, ಬಾಯಿ ಬಿಡಲಾರದ ನಾನು. ಇಷ್ಟೂ ಅದರಲ್ಲಿದೆ. ಬಿಡಿಸಿ ಬರೆದರೆ ಪದ ಸಾಯುತ್ತದೆ. ಹೊಲಕ್ಕೂ ನೀರು ಬೇಕಲ್ವಾ, ಅದನ್ನು ಬೈಯೋಕಾಗುತ್ತಾ?

ಒಂದು ಮಾತ್ರ ಕಟ್ಟುನಿಟ್ಟು. ಅವಳ ಹೆಸರು, ಅವಳ ಊರು ಯಾವ ಪದದಲ್ಲೂ ಇಲ್ಲ. ಹಾಡು ಬಾಯಿಂದ ಬಾಯಿಗೆ ಹೋಗುತ್ತದೆ, ಅತ್ತೆ ಮನೆ ಅಂಗಳಕ್ಕೂ ಮುಟ್ಟಬಹುದು. ಅದಕ್ಕೇ ಬರೀ ‘ಕೊನಿ’ ಅಂದೆ.

ಮಳೆಗಾಲದಲ್ಲಿ ಈಗಲೂ ಪೇಪರ್ ಬಂದರೆ ಕಾಲುವೆಯ 104ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟು ಅಡಿ ಇದೆ ಅಂತ ಮೊದಲು ನೋಡುತ್ತೇನೆ.