ಅರೆ-ಅಧ್ಯಕ್ಷೀಯ ಸರ್ಕಾರ: ನಿಜವಾದ ಅಧಿಕಾರ ಯಾರ ಕೈಲಿದೆ ಅಂತ ಪತ್ತೆ ಮಾಡೋದು ಹೇಗೆ?

ಯಾವುದೋ ದೇಶದಲ್ಲಿ ಪ್ರಧಾನಿ ರಾಜೀನಾಮೆ ಕೊಟ್ರು, ಅಧ್ಯಕ್ಷರು ಹೊಸಬರನ್ನ ನೇಮಿಸಿದ್ರು ಅಂತ ಸುದ್ದಿ ಬರತ್ತೆ. "ಅಲ್ಲಿ ಅಧ್ಯಕ್ಷರೂ ಇದಾರೆ, ಪ್ರಧಾನಿನೂ ಇದಾರೆ, ಅಂದ್ರೆ ಅರೆ-ಅಧ್ಯಕ್ಷೀಯ ಪದ್ಧತಿ" ಅಂತ ಒಂದೇ ಉಸಿರಲ್ಲಿ ತೀರ್ಪು ಕೊಟ್ಟು ಮುಂದೆ ಹೋಗೋರನ್ನ ನೋಡಿ ನೋಡಿ ಸಾಕಾಗಿದೆ. ಕುರ್ಚಿ ಎಣಿಸಿದ್ರೆ ಆಯ್ತು ಅಂದ್ಕೊಂಡ್ರೆ ಭಾರತ, ಜರ್ಮನಿ, ಇಟಲಿ ಎಲ್ಲವೂ ಈ ಲಿಸ್ಟಿಗೆ ಬಂದುಬಿಡತ್ತೆ, ಆದ್ರೆ ಮೂರೂ ಸಂಸದೀಯ ಪದ್ಧತಿಯ ದೇಶಗಳು. ಅರೆ-ಅಧ್ಯಕ್ಷೀಯ ಅಂದ್ರೆ ಜನ ನೇರವಾಗಿ ಆರಿಸಿದ ಅಧ್ಯಕ್ಷರು, ಜೊತೆಗೆ ಸಂಸತ್ತು ಇಳಿಸಬಹುದಾದ ಪ್ರಧಾನಿ, ಇಬ್ಬರೂ ಇರೋ ಪದ್ಧತಿ. ಇನ್ನು ಕೆಲವರು ಫ್ರಾನ್ಸ್ ಒಂದನ್ನ ಓದ್ಕೊಂಡು ಅದೇ ಅಚ್ಚಲ್ಲಿ ಎಲ್ಲಾ ದೇಶಾನೂ ಅಳೀತಾರೆ, ಅದೂ ಕೈಕೊಡತ್ತೆ. ಸರಿಯಾಗಿ ಮಾಡೋದು ಕಷ್ಟ ಏನಲ್ಲ, ಒಂದು ಸಂಜೆ ಸಾಕು, ಆದ್ರೆ ಒಂದು ಹಂತದಲ್ಲಿ ಮಾತ್ರ ನಿಧಾನ ಮಾಡ್ಬೇಕು.

ಹಂತ 1: ಸಂವಿಧಾನದ ಈಗಿನ ಪ್ರತಿ ಹುಡುಕಿ

"ಈಗಿನ" ಅನ್ನೋದು ಮುಖ್ಯ. ಉಕ್ರೇನ್ ನೋಡಿ. 1996ರ ಸಂವಿಧಾನದಲ್ಲಿ ಅಧ್ಯಕ್ಷರ ಕೈ ಮೇಲಿತ್ತು, 2004ರಲ್ಲಿ ತಿದ್ದುಪಡಿ ಮಾಡಿ ಸಂಸತ್ತಿಗೆ ಹೆಚ್ಚು ಬಲ ಕೊಟ್ರು, ಅದು 2006ರಲ್ಲಿ ಜಾರಿಗೆ ಬಂತು, 2010ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ತಿದ್ದುಪಡಿನೇ ರದ್ದು ಮಾಡ್ತು, 2014ರಲ್ಲಿ ಮತ್ತೆ ವಾಪಸ್ ತಂದ್ರು. ಇದ್ರಲ್ಲಿ ಯಾವ ವರ್ಷದ ಪ್ರತಿ ನಿಮ್ಮ ಕೈಗೆ ಸಿಗತ್ತೋ ಅದರ ಮೇಲೆ ಉತ್ತರವೇ ಬದಲಾಗತ್ತೆ.

ಪೂರ್ತಿ ಓದೋ ಅಗತ್ಯ ಇಲ್ಲ. ಅಧ್ಯಕ್ಷರ ಚುನಾವಣೆ, ಪ್ರಧಾನಿ ನೇಮಕ, ಪ್ರಧಾನಿ ವಜಾ, ಅವಿಶ್ವಾಸ ನಿರ್ಣಯ, ಸಂಸತ್ತಿನ ವಿಸರ್ಜನೆ, ತುರ್ತು ಪರಿಸ್ಥಿತಿ, ಈ ಆರು ವಿಷಯದ ವಿಧಿಗಳನ್ನ ಹುಡುಕಿ ಪಕ್ಕಕ್ಕಿಟ್ಕೊಳ್ಳಿ, ಉಳಿದಿದ್ದು ಆಮೇಲೆ. ಮತ್ತೆ ಒಂದು ಮಾತು, ದೇಶಗಳಿಗೆ ಬಣ್ಣ ಬಳಿದಿರೋ ಪ್ರಪಂಚದ ಮ್ಯಾಪ್‌ಗಳನ್ನ ದಯವಿಟ್ಟು ನಂಬ್ಬೇಡಿ. ಅಧ್ಯಕ್ಷರು ಹೆಸರಿಗಷ್ಟೇ ಇರೋ ಐರ್ಲೆಂಡನ್ನೂ ಅಧ್ಯಕ್ಷರದ್ದೇ ದರ್ಬಾರು ಇರೋ ರಷ್ಯಾವನ್ನೂ ಒಂದೇ ಬಣ್ಣದಲ್ಲಿ ಹಾಕಿದ್ರೆ ಓದೋನಿಗೆ ಏನು ತಿಳಿಯತ್ತೆ? ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಬರೋ "ಅಧ್ಯಕ್ಷೀಯ ಮತ್ತು ಸಂಸದೀಯ ಪದ್ಧತಿಗಳ ಮಿಶ್ರಣ" ಅನ್ನೋ ಒಂದು ಸಾಲಿನ ವ್ಯಾಖ್ಯೆನೂ ಅಷ್ಟೇ, ಒಂದು ಅಂಕ ಬರಬಹುದು, ಮತ್ತೇನೂ ಬರಲ್ಲ.

ಹಂತ 2: ಅಧ್ಯಕ್ಷರನ್ನ ಜನ ನೇರವಾಗಿ ಆರಿಸ್ತಾರಾ?

ಹೌದು ಅಂದ್ರೆ ಮುಂದೆ ಹೋಗಿ, ಇಲ್ಲ ಅಂದ್ರೆ ಇಲ್ಲಿಗೇ ನಿಲ್ಲಿಸಿ. ಫ್ರಾನ್ಸ್ ಕೂಡ 1958ರಲ್ಲಿ ಹೊಸ ಸಂವಿಧಾನ ಬಂದಾಗ ಇದ್ರಲ್ಲಿ ಪಾಸಾಗ್ತಿರಲಿಲ್ಲ, ಆಗ ಅಧ್ಯಕ್ಷರನ್ನ ಆರಿಸ್ತಿದ್ದಿದ್ದು ಜನಪ್ರತಿನಿಧಿಗಳ ಮತದಾರ ಮಂಡಳಿ. 1962ರಲ್ಲಿ ಆಗಿನ ಅಧ್ಯಕ್ಷ ಡಿ ಗಾಲ್ ಜನಮತಗಣನೆ ಮಾಡಿಸಿ ಬದಲಾಯಿಸಿದ್ರು, ಮೊದಲ ನೇರ ಚುನಾವಣೆ ನಡೆದಿದ್ದು 1965ರಲ್ಲಿ.

ಹಂತ 3: ಸಂಸತ್ತು ಪ್ರಧಾನಿಯನ್ನ ಇಳಿಸಬಹುದಾ?

ಬಹುಮತ ಕಳ್ಕೊಂಡ್ರೆ ಪ್ರಧಾನಿ ಮತ್ತು ಸಂಪುಟ ಮನೆಗೆ ಹೋಗ್ಲೇಬೇಕು ಅಂತ ಇರಬೇಕು. ಇಲ್ಲಿ ಎಡವಿಸೋ ದೇಶ ದಕ್ಷಿಣ ಕೊರಿಯಾ. ಅಲ್ಲಿ ನೇರವಾಗಿ ಆಯ್ಕೆಯಾದ ಅಧ್ಯಕ್ಷರಿದಾರೆ, ಪ್ರಧಾನಿನೂ ಇದಾರೆ, ಆದ್ರೆ ಪ್ರಧಾನಿಯನ್ನ ತೆಗೀರಿ ಅಂತ ಸಂಸತ್ತು ಅಧ್ಯಕ್ಷರಿಗೆ ಶಿಫಾರಸು ಮಾಡಬಹುದೇ ಹೊರತು ಅವಿಶ್ವಾಸ ಮಂಡಿಸಿ ಸರ್ಕಾರ ಬೀಳಿಸೋಕೆ ಆಗಲ್ಲ. ಹಾಗಾಗಿ ಅದು ಅಧ್ಯಕ್ಷೀಯ ಪದ್ಧತಿ.

ಎರಡನೇ, ಮೂರನೇ ಹಂತ ಎರಡೂ ದಾಟಿದ್ರೆ ಈಗ ಬಹಳಷ್ಟು ವಿದ್ವಾಂಸರು ಒಪ್ಪೋ ವ್ಯಾಖ್ಯೆಗೆ ನೀವು ತಲುಪಿದ ಹಾಗೆ. ಈ ಪದ್ಧತಿಯನ್ನ ಮೊದಲು ವಿವರವಾಗಿ ಗುರುತಿಸಿದ ಫ್ರೆಂಚ್ ವಿದ್ವಾಂಸ ಮಾರಿಸ್ ದ್ಯುವೆರ್ಜೆ ಇನ್ನೊಂದು ಷರತ್ತು ಹಾಕಿದ್ರು, ಅಧ್ಯಕ್ಷರಿಗೆ ಗಣನೀಯ ಅಧಿಕಾರ ಇರಬೇಕು ಅಂತ. "ಗಣನೀಯ" ಅಂದ್ರೆ ಎಷ್ಟು ಅಂತ ಅಳೆಯೋಕಾಗದೆ ಜಗಳ ಶುರುವಾಗಿದ್ದರಿಂದ ರಾಬರ್ಟ್ ಎಲ್ಜಿ ಥರದ ವಿದ್ವಾಂಸರು ಅದನ್ನ ಕೈಬಿಟ್ರು. ನನ್ನ ಕೇಳಿದ್ರೆ ಎಲ್ಜಿ ದಾರಿನೇ ಹಿಡೀರಿ, ಮೊದಲು ಒಳಗೆ ಸೇರಿಸ್ಕೊಂಡು ಆಮೇಲೆ ಅಧಿಕಾರ ಎಷ್ಟು ಅಂತ ನೋಡೋದು ಸುಲಭ.

ಹಂತ 4: ಪ್ರಧಾನಿಯನ್ನ ವಜಾ ಮಾಡೋ ಹಕ್ಕು ಅಧ್ಯಕ್ಷರಿಗೂ ಇದೆಯಾ?

ನಿಧಾನ ಮಾಡಿ ಅಂದಿದ್ದು ಇಲ್ಲೇ. ಎಲ್ಲರೂ ನೋಡೋದು ನೇಮಕ ಮಾಡೋದು ಯಾರು ಅಂತ, ಆದ್ರೆ ನೇಮಕದ ವಿಧಿ ಹೆಚ್ಚುಕಮ್ಮಿ ಎಲ್ಲಾ ಕಡೆ ಒಂದೇ ಥರ ಇರತ್ತೆ, "ಅಧ್ಯಕ್ಷರು ಪ್ರಧಾನಿಯನ್ನ ನೇಮಿಸತಕ್ಕದ್ದು" ಅಂತ. ಅದ್ರಿಂದ ಏನೂ ಗೊತ್ತಾಗಲ್ಲ. ಬೆಳಿಗ್ಗೆ ಎದ್ದಾಗ ಪ್ರಧಾನಿಗೆ ಯಾರ ಭಯ ಇರತ್ತೆ, ಸಂಸತ್ತಿಂದು ಮಾತ್ರನಾ ಅಥವಾ ಸಂಸತ್ತು ಮತ್ತು ಅಧ್ಯಕ್ಷರು ಇಬ್ಬರದ್ದೂನಾ, ಅದನ್ನ ನೋಡಿ. ಮ್ಯಾಥ್ಯೂ ಶುಗಾರ್ಟ್ ಮತ್ತು ಜಾನ್ ಕ್ಯಾರಿ ಅನ್ನೋ ವಿದ್ವಾಂಸರು 1992ರಲ್ಲಿ ಇದೇ ಗೆರೆ ಎಳೆದು ಈ ಪದ್ಧತಿಯನ್ನ ಎರಡು ಭಾಗ ಮಾಡಿದ್ರು. ಸಂಸತ್ತು ಮಾತ್ರ ಇಳಿಸಬಹುದಾದ್ರೆ ಪ್ರಧಾನಿ-ಅಧ್ಯಕ್ಷೀಯ, ಇಬ್ಬರೂ ಇಳಿಸಬಹುದಾದ್ರೆ ಅಧ್ಯಕ್ಷ-ಸಂಸದೀಯ. ಹೆಸರು ಬಾಯಿಪಾಠ ಮಾಡ್ಬೇಡಿ, ಪರೀಕ್ಷೆ ಬರೆಯೋರಿಗೇ ಉಲ್ಟಾ ಆಗತ್ತೆ, ಪ್ರಶ್ನೆ ನೆನಪಿಟ್ಕೊಂಡ್ರೆ ಸಾಕು.

ಫ್ರಾನ್ಸಿನ 8ನೇ ವಿಧಿ ತೆಗೀರಿ. ಅಧ್ಯಕ್ಷರು ಪ್ರಧಾನಿಯನ್ನ ನೇಮಿಸ್ತಾರೆ, ಆದ್ರೆ ಹುದ್ದೆಯಿಂದ ಬಿಡುಗಡೆ ಮಾಡೋದು ಪ್ರಧಾನಿ ತಾನೇ ಸರ್ಕಾರದ ರಾಜೀನಾಮೆ ತಂದು ಕೊಟ್ಟಾಗ. ಅಂದ್ರೆ ಬರಹದಲ್ಲಿ ವಜಾ ಮಾಡೋ ಹಕ್ಕು ಇಲ್ಲ. ಆದ್ರೂ 1991ರಲ್ಲಿ ಅಧ್ಯಕ್ಷ ಮಿತ್ತೆರಾಂ ರಾಜೀನಾಮೆ ಕೇಳಿದ್ರು, ಪ್ರಧಾನಿ ಮಿಷೆಲ್ ರೊಕಾರ್ ಕೊಟ್ಟುಬಿಟ್ರು. ಯಾಕೆ ಅಂದ್ರೆ ಇಬ್ಬರೂ ಒಂದೇ ಪಕ್ಷ, ಸಂಸತ್ತಲ್ಲಿ ಪ್ರಧಾನಿ ಹಿಂದೆ ಇರೋ ಸದಸ್ಯರು ಅಧ್ಯಕ್ಷರ ಕಡೆಯವರೇ, ಹಟ ಹಿಡಿದು ಕೂತ್ರೆ ಕಾಪಾಡೋರು ಯಾರೂ ಇರಲ್ಲ. ಅದೇ ಪ್ರಧಾನಿ ವಿರೋಧ ಪಕ್ಷದವರಾಗಿದ್ರೆ ಅಧ್ಯಕ್ಷರು ಎಷ್ಟು ಕೇಳಿದ್ರೂ "ಆಗಲ್ಲ" ಅಂದು ಕೂರಬಹುದಿತ್ತು, ಸಂವಿಧಾನ ಅವರ ಪಕ್ಕ ಇರ್ತಿತ್ತು. ಈ ವ್ಯತ್ಯಾಸ ಅರ್ಥ ಆದ್ರೆ ಅರ್ಧ ಕೆಲಸ ಮುಗೀತು.

ಪೋರ್ಚುಗಲ್‌ನದ್ದು ಮಧ್ಯದ ದಾರಿ. 1976ರ ಸಂವಿಧಾನದಲ್ಲಿ ಅಧ್ಯಕ್ಷರ ಅಧಿಕಾರ ಜಾಸ್ತಿ ಇತ್ತು, 1982ರ ತಿದ್ದುಪಡಿ ಆದ ಮೇಲೆ ಪ್ರಜಾಸತ್ತೆಯ ಸಂಸ್ಥೆಗಳು ಸರಿಯಾಗಿ ನಡೆಯೋಕೆ ಬೇರೆ ದಾರಿನೇ ಇಲ್ಲ ಅಂದಾಗ ಮಾತ್ರ ಸರ್ಕಾರವನ್ನ ವಜಾ ಮಾಡಬಹುದು. ಇಂಥ ಷರತ್ತಿನ ಸಾಲುಗಳನ್ನ ಹಾರಿಸ್ಕೊಂಡು ಓದಿದ್ರೆ ಪೋರ್ಚುಗಲ್ ಹೋಗಿ ತಪ್ಪು ಗುಂಪಲ್ಲಿ ಕೂರತ್ತೆ. ರಷ್ಯಾದ 1993ರ ಸಂವಿಧಾನದಲ್ಲಿ ಅಂಥ ಅಡ್ಡಿ ಏನೂ ಇಲ್ಲ, ಅಧ್ಯಕ್ಷರು ಬೇಡ ಅಂದ್ರೆ ಸರ್ಕಾರ ಇಲ್ಲ. ಅಂಥ ಕಡೆ ಪ್ರಧಾನಿ ಇಬ್ಬರು ಯಜಮಾನರ ಆಳು ಇದ್ದ ಹಾಗೆ, ಯಾರು ಜೋರು ಮಾಡ್ತಾರೋ ಅವರ ಮಾತು ಕೇಳ್ತಾರೆ.

ಈಗ ಶ್ರೀಲಂಕಾ 2018. ಇದನ್ನ ಓದಿದ್ರೆ ವಜಾ ವಿಧಿ ಯಾಕೆ ಮುಖ್ಯ ಅಂತ ಮತ್ತೆ ಯಾರೂ ಕೇಳಲ್ಲ. 1978ರ ಸಂವಿಧಾನ ಅಧ್ಯಕ್ಷರಿಗೆ ಭಾರೀ ಅಧಿಕಾರ ಕೊಟ್ಟಿತ್ತು, 2015ರ 19ನೇ ತಿದ್ದುಪಡಿ ಅದನ್ನ ಕತ್ತರಿಸ್ತು, ಪ್ರಧಾನಿಯನ್ನ ತೆಗೆಯೋ ಸ್ಪಷ್ಟ ಅಧಿಕಾರ ಹೋಯ್ತು, ನಾಲ್ಕೂವರೆ ವರ್ಷ ಆಗೋ ತನಕ ಸಂಸತ್ತನ್ನ ತಾವಾಗಿ ವಿಸರ್ಜಿಸೋ ಹಾಗಿಲ್ಲ ಅಂತಲೂ ಆಯ್ತು. ಆದ್ರೆ ಸಂಸತ್ತಿನ ವಿಶ್ವಾಸ ಯಾರಿಗಿದೆ ಅಂತ ಅಧ್ಯಕ್ಷರಿಗೆ ಅನಿಸತ್ತೋ ಅವರನ್ನ ಪ್ರಧಾನಿಯಾಗಿ ನೇಮಿಸಬಹುದು ಅನ್ನೋ ಮಾತು ಹಾಗೇ ಉಳಿದಿತ್ತು. ಅಕ್ಟೋಬರ್ 26ಕ್ಕೆ ಅಧ್ಯಕ್ಷ ಸಿರಿಸೇನ ಅದನ್ನೇ ಹಿಡ್ಕೊಂಡು ರನಿಲ್ ವಿಕ್ರಮಸಿಂಘೆಯನ್ನ ತೆಗೆದು ಮಹಿಂದ ರಾಜಪಕ್ಸೆಯನ್ನ ಕೂರಿಸಿದ್ರು, ನವೆಂಬರ್‌ನಲ್ಲಿ ಸಂಸತ್ತನ್ನೇ ವಿಸರ್ಜಿಸಿದ್ರು. ರನಿಲ್ ಅಧಿಕೃತ ನಿವಾಸ ಬಿಡಲಿಲ್ಲ, ಸುಪ್ರೀಂ ಕೋರ್ಟ್ ವಿಸರ್ಜನೆಗೆ ತಡೆ ಕೊಡ್ತು, ಸಂಸತ್ತು ಸೇರಿ ರಾಜಪಕ್ಸೆ ವಿರುದ್ಧ ಅವಿಶ್ವಾಸ ಪಾಸ್ ಮಾಡ್ತು, ಡಿಸೆಂಬರ್ 13ಕ್ಕೆ ಏಳು ನ್ಯಾಯಮೂರ್ತಿಗಳ ಪೀಠ ವಿಸರ್ಜನೆ ಅಸಾಂವಿಧಾನಿಕ ಅಂತ ಒಮ್ಮತದ ತೀರ್ಪು ಕೊಡ್ತು, 16ಕ್ಕೆ ರನಿಲ್ ಮತ್ತೆ ಪ್ರಮಾಣವಚನ ತಗೊಂಡ್ರು. ಇಷ್ಟೆಲ್ಲಾ ರಾದ್ಧಾಂತ ಆಗಿದ್ದು ವಜಾ ಅನ್ನೋ ಒಂದು ಅಧಿಕಾರವನ್ನ ತೆಗೆದು, ನೇಮಕದ ಸಾಲನ್ನ ಸಡಿಲ ಬಿಟ್ಟಿದ್ರಿಂದ. 2020ರ 20ನೇ ತಿದ್ದುಪಡಿ ವಜಾ ಮಾಡೋ ಅಧಿಕಾರವನ್ನ ಮತ್ತೆ ಅಧ್ಯಕ್ಷರಿಗೇ ಕೊಡ್ತು.

ಇನ್ನೊಂದು ಗುಂಡಿ ಇದೆ, ಆಸ್ಟ್ರಿಯಾ. ಅಲ್ಲಿನ ಅಧ್ಯಕ್ಷರನ್ನ ಜನ ಆರಿಸ್ತಾರೆ, ಇಡೀ ಸರ್ಕಾರವನ್ನ ವಜಾ ಮಾಡೋ ಅಧಿಕಾರ ಕಾಗದದ ಮೇಲಿದೆ, ಆದ್ರೆ ದೇಶ ನಡೆಸೋದು ಚಾನ್ಸಲರ್, ಅಂದ್ರೆ ಅಲ್ಲಿನ ಪ್ರಧಾನಿ. ಹಾಗಾಗಿ ವಿಧಿ ಓದಿದ ಮೇಲೆ ಅದನ್ನ ಯಾರಾದ್ರೂ ಬಳಸಿದಾರಾ ಅಂತಲೂ ನೋಡಿ. ಎರಡೂ ಬೇರೆ ಬೇರೆ ಕಾಲಂನಲ್ಲಿ ಬರ್ಕೊಳ್ಳಿ, ಬೆರೆಸ್ಬೇಡಿ.

ಹಂತ 5: ಬಹುಮತ ಯಾರದ್ದು ಅಂತ ನೋಡಿ

ಇದು ಸಂವಿಧಾನದಲ್ಲಿ ಸಿಗಲ್ಲ, ಚುನಾವಣಾ ಫಲಿತಾಂಶ ತೆಗೀಬೇಕು. ಅಧ್ಯಕ್ಷರ ಪಕ್ಷಕ್ಕೇ ಸಂಸತ್ತಲ್ಲೂ ಬಹುಮತ ಇದ್ರೆ ಅಧ್ಯಕ್ಷರೇ ರಾಜ, ಪ್ರಧಾನಿ ಅವರ ಮ್ಯಾನೇಜರ್. ಬಹುಮತ ಎದುರು ಪಕ್ಷಕ್ಕೆ ಹೋದ್ರೆ ಅದೇ ಸಂವಿಧಾನ, ಅದೇ ವಿಧಿಗಳು, ಆದ್ರೆ ಸರ್ಕಾರ ನಡೆಸೋದು ಪ್ರಧಾನಿ. ಇದಕ್ಕೆ ಫ್ರಾನ್ಸಲ್ಲಿ ಸಹಬಾಳ್ವೆ ಅಂತಾರೆ, ಮೂರು ಸಲ ಆಗಿದೆ: 1986ರಿಂದ 88, 1993ರಿಂದ 95, 1997ರಿಂದ 2002. ಮೊದಲನೇ ಸಲ ಎಡಪಂಥದ ಮಿತ್ತೆರಾಂ ಅಧ್ಯಕ್ಷರು, ಬಲಪಂಥದ ಜಾಕ್ ಶಿರಾಕ್ ಪ್ರಧಾನಿ. ಸರ್ಕಾರಿ ಕಂಪನಿಗಳನ್ನ ಖಾಸಗಿಗೆ ಮಾರೋ ಸುಗ್ರೀವಾಜ್ಞೆಗೆ 1986ರ ಜುಲೈನಲ್ಲಿ ಮಿತ್ತೆರಾಂ ಸಹಿ ಹಾಕಲ್ಲ ಅಂದ್ರು. ಶಿರಾಕ್ ಅದನ್ನೇ ಮಸೂದೆ ಮಾಡಿ ಸಂಸತ್ತಲ್ಲಿ ಪಾಸ್ ಮಾಡಿಸ್ಕೊಂಡ್ರು. ಅಧ್ಯಕ್ಷರು ತಡ ಮಾಡಬಹುದು, ತಡೆಯೋಕೆ ಆಗಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ. ಅದೇ ಶಿರಾಕ್ ಆಮೇಲೆ ಅಧ್ಯಕ್ಷರಾಗಿ 1997ರಲ್ಲಿ ಲಾಭ ಆಗತ್ತೆ ಅಂತ ಅವಧಿಗೆ ಮುಂಚೆ ಸಂಸತ್ತು ವಿಸರ್ಜಿಸಿ, ಸೋತು, ಐದು ವರ್ಷ ಸಮಾಜವಾದಿ ಪಕ್ಷದ ಜೋಸ್ಪಾಂ ಜೊತೆ ಏಗಬೇಕಾಯ್ತು.

ಆಮೇಲೆ 2000ನೇ ಇಸವಿಯ ಜನಮತಗಣನೆಯಲ್ಲಿ ಅಧ್ಯಕ್ಷರ ಅವಧಿ ಏಳರಿಂದ ಐದು ವರ್ಷಕ್ಕೆ ಇಳೀತು. ಅಧ್ಯಕ್ಷರ ಚುನಾವಣೆ ಮುಗಿದ ಬೆನ್ನಿಗೇ ಸಂಸತ್ತಿನದ್ದು ಬರೋ ಹಾಗಾಯ್ತು, ಗೆದ್ದ ಅಲೆಯಲ್ಲೇ ಬಹುಮತವೂ ಬರತ್ತೆ ಅಂತ ಲೆಕ್ಕ. 2022ರಲ್ಲಿ ಆ ಲೆಕ್ಕ ತಪ್ಪಿತು, 2024ರ ಜೂನ್‌ನಲ್ಲಿ ಅಧ್ಯಕ್ಷ ಮ್ಯಾಕ್ರಾನ್ ಸಂಸತ್ತು ವಿಸರ್ಜಿಸಿದ ಮೇಲಂತೂ ಮೂರು ಬಣ ಆಗಿ ಯಾರಿಗೂ ಬಹುಮತ ಇಲ್ಲ. ಇದನ್ನ ಟೀವಿಯಲ್ಲಿ ಸಹಬಾಳ್ವೆ ಅಂದ್ರೆ ತಲೆ ಆಡಿಸ್ಬೇಡಿ. ಸಹಬಾಳ್ವೆಗೆ ಎದುರು ಪಕ್ಷಕ್ಕೆ ಗಟ್ಟಿ ಬಹುಮತ ಇರಬೇಕು, ಇಲ್ಲಿ ಯಾರಿಗೂ ಇಲ್ಲ. ಅದಕ್ಕೇ ಡಿಸೆಂಬರ್ 2024ರಲ್ಲಿ 331 ಮತಗಳ ಅವಿಶ್ವಾಸಕ್ಕೆ ಪ್ರಧಾನಿ ಮಿಷೆಲ್ ಬಾರ್ನಿಯೆ ಬಿದ್ರು, 1962ರ ನಂತರ ಹಾಗೆ ಬಿದ್ದ ಮೊದಲ ಸರ್ಕಾರ ಅದು. 2025ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಫ್ರಾನ್ಸ್ವಾ ಬೈರು ತಾವೇ ವಿಶ್ವಾಸಮತ ಕೇಳಿ 364-194ರಲ್ಲಿ ಸೋತ್ರು. ಪ್ರಧಾನಿಗಳು ಬೀಳ್ತಾ ಹೋದ್ರೂ ಅಧ್ಯಕ್ಷರ ಕುರ್ಚಿ ಅಲ್ಲಾಡಲ್ಲ, ಅವರ ಅವಧಿ ನಿಗದಿ ಆಗಿರತ್ತೆ ಅನ್ನೋದನ್ನ ಗಮನಿಸಿ.

ವಿದೇಶಾಂಗದ ವಿಷಯಕ್ಕೆ ಜಗಳ ಖಾಯಂ. ಪೋಲೆಂಡಲ್ಲಿ 2008ರ ಅಕ್ಟೋಬರ್‌ನಲ್ಲಿ ಯುರೋಪ್ ಒಕ್ಕೂಟದ ಶೃಂಗಸಭೆಗೆ ಹೋಗೋದು ಯಾರು ಅಂತ ಅಧ್ಯಕ್ಷ ಲೇಖ್ ಕಚಿನ್ಸ್ಕಿಗೂ ಪ್ರಧಾನಿ ಟುಸ್ಕ್‌ಗೂ ಜಟಾಪಟಿ ಆಗಿ, ಸರ್ಕಾರ ವಿಮಾನ ಕೊಡಲ್ಲ ಅಂತು, ಅಧ್ಯಕ್ಷರು ಬೇರೆ ವಿಮಾನ ಬಾಡಿಗೆಗೆ ತಗೊಂಡು ಬ್ರಸೆಲ್ಸ್‌ಗೆ ಹೋದ್ರು. ಪೋಲೆಂಡಲ್ಲಿ ಅಧ್ಯಕ್ಷರ ವೀಟೋ (ಮಸೂದೆಗೆ ಸಹಿ ಹಾಕಲ್ಲ ಅನ್ನೋ ಹಕ್ಕು) ಮುರಿಯೋಕೆ ಐದರಲ್ಲಿ ಮೂರು ಪಾಲು ಮತ ಬೇಕು, ಬರೀ ಬಹುಮತ ಸಾಲಲ್ಲ, ಹಾಗಾಗಿ ಪೋಲೆಂಡಿನ ಅಧ್ಯಕ್ಷರು ಫ್ರಾನ್ಸಿನವರ ಥರ ತಡ ಮಾಡೋದಷ್ಟೇ ಅಲ್ಲ, ನಿಜಕ್ಕೂ ತಡೀಬಹುದು. ವೀಟೋ ಮುರಿಯೋ ಅಂಕಿ ನೋಡದೆ ಅಧ್ಯಕ್ಷರು ಬಲಹೀನರು ಅಂತ ಬರೀಬೇಡಿ.

ಹಂತ 6: ವಿಸರ್ಜನೆ ಮತ್ತು ತುರ್ತು ಪರಿಸ್ಥಿತಿ

ವಿಸರ್ಜನೆಗೆ ಬೇಲಿ ಇದೆಯಾ ನೋಡಿ ಅಷ್ಟೆ. ಫ್ರಾನ್ಸಲ್ಲಿ ವಿಸರ್ಜನೆ ನಂತರದ ಚುನಾವಣೆ ಆದ ಒಂದು ವರ್ಷದ ತನಕ ಮತ್ತೆ ಮಾಡೋ ಹಾಗಿಲ್ಲ, ಪೋರ್ಚುಗಲ್‌ನಲ್ಲಿ ಹೊಸ ಸಂಸತ್ತು ಆಯ್ಕೆಯಾದ ಮೊದಲ ಆರು ತಿಂಗಳು, ಹಾಗೇ ಅಧ್ಯಕ್ಷರ ಅವಧಿಯ ಕೊನೇ ಆರು ತಿಂಗಳು ಮುಟ್ಟೋ ಹಾಗಿಲ್ಲ.

ತುರ್ತು ಅಧಿಕಾರ ಮಾತ್ರ ಒಂಟಿಯಾಗಿ ಓದಬೇಡಿ, ವಜಾ ಮತ್ತು ವಿಸರ್ಜನೆ ವಿಧಿಗಳ ಜೊತೆ ಇಟ್ಟು ಓದಿ. 1919ರ ವೈಮರ್ ಜರ್ಮನಿಯಲ್ಲಿ (ಹಿಟ್ಲರ್ ಬರೋಕೆ ಮುಂಚಿನ ಗಣರಾಜ್ಯ) 25ನೇ ವಿಧಿ ವಿಸರ್ಜನೆ, 48 ತುರ್ತು ಸುಗ್ರೀವಾಜ್ಞೆ, 53 ಚಾನ್ಸಲರ್ ನೇಮಕ ಮತ್ತು ವಜಾ, ಮೂರೂ ಅಧ್ಯಕ್ಷರ ಕೈಲಿತ್ತು. ಸಂಸತ್ತು ಸುಗ್ರೀವಾಜ್ಞೆ ಬೇಡ ಅಂದ್ರೆ ಸಂಸತ್ತನ್ನೇ ವಿಸರ್ಜಿಸೋದು. 1930ರಿಂದ ಬ್ರೂನಿಂಗ್, ಪಾಪೆನ್, ಶ್ಲೈಖರ್ ಮೂವರು ಚಾನ್ಸಲರ್‌ಗಳೂ ಬಹುಮತ ಇಲ್ಲದೆ ಅಧ್ಯಕ್ಷ ಹಿಂಡೆನ್‌ಬುರ್ಗ್ ಸಹಿ ನಂಬ್ಕೊಂಡು ಆಳಿದ್ರು, 1933ರ ಜನವರಿ 30ಕ್ಕೆ ಹಿಟ್ಲರ್‌ನನ್ನ ಚಾನ್ಸಲರ್ ಮಾಡಿದ್ದೂ ಅದೇ ಸಹಿ. ಫ್ರಾನ್ಸಿನ 16ನೇ ವಿಧಿನೂ ಜೋರೇ, ಆದ್ರೆ ಅದು ಜಾರಿಯಲ್ಲಿರೋವಾಗ ಸಂಸತ್ತನ್ನ ವಿಸರ್ಜಿಸೋ ಹಾಗಿಲ್ಲ. ಬಳಕೆಯಾಗಿದ್ದು ಒಂದೇ ಸಲ, 1961ರಲ್ಲಿ, ಅಲ್ಜೀರಿಯಾದಲ್ಲಿ ಸೇನಾಧಿಕಾರಿಗಳು ದಂಗೆ ಎದ್ದಾಗ.

ಹಂತ 7: ಉತ್ತರದ ಪಕ್ಕ ಇಸವಿ ಬರೀರಿ

"ಫಿನ್ಲೆಂಡ್: ಬಲಿಷ್ಠ ಅಧ್ಯಕ್ಷ" ಅಂತ ಬರೆದಿರೋ ನೋಟ್ಸ್ ಇನ್ನೂ ಓಡಾಡ್ತಿದೆ. ಅದು ಕೆಕ್ಕೊನೆನ್ 1956ರಿಂದ 1982ರ ತನಕ ಅಧ್ಯಕ್ಷರಾಗಿದ್ದ ಕಾಲದ ಮಾತು, ಆಗ ಸರ್ಕಾರ ಕಟ್ಟೋದ್ರಲ್ಲೂ ಅವರದ್ದೇ ಕೈ. 2000ನೇ ಇಸವಿಯ ಸಂವಿಧಾನ ಬಂದ ಮೇಲೆ ಪ್ರಧಾನಿಯನ್ನ ಆರಿಸೋದು ಸಂಸತ್ತು, ಅಧ್ಯಕ್ಷರು ನೇಮಕಕ್ಕೆ ಸಹಿ ಹಾಕ್ತಾರೆ, ವಿದೇಶಾಂಗ ನೀತಿಯನ್ನ ಸರ್ಕಾರದ ಜೊತೆ ಸೇರ್ಕೊಂಡು ನಡೆಸ್ತಾರೆ. ಆ ಹಳೇ ನೋಟ್ಸ್ ನಿಮ್ಮ ಹತ್ರ ಇದ್ರೆ ಹರಿದು ಹಾಕಿ, ಇಲ್ಲಾ ಅಂದ್ರೆ ಮೇಲೆ "2000ಕ್ಕಿಂತ ಮುಂಚೆ" ಅಂತ ಪೆನ್ನಲ್ಲಿ ಸೇರಿಸಿ ಇಟ್ಕೊಳ್ಳಿ.